ಏಲಿಯಮ್ಮನ ಪ್ರಾರ್ಥನೆಗೆ ಮೂರು ಗೋಣಿ ಅಡಿಕೆ

ಕೇಳಿ ಮಾರಾಯ್ರೆ, ಇಂದು ಸಂಜೆ ನಮ್ಮ ನೆಲ್ಯಾಡಿಯಲ್ಲಿ ನಡೆದದ್ದು! ಪಕ್ಕದ ರಬ್ಬರ್ ತೋಟದ ಏಲಿಯಮ್ಮನ ಗಂಡ ತೀರಿಕೊಂಡು ವರ್ಷವಾಯಿತು. ಅವರ ಆತ್ಮಕ್ಕಾಗಿ ಪ್ರಾರ್ಥಿಸಲು ನೆಂಟರೆಲ್ಲ ಅಂಗಳದಲ್ಲಿ ಸೇರಿದ್ದರು. ಅಷ್ಟರಲ್ಲಿ ಪೊಲೀಸಪ್ಪನ ಪ್ರವೇಶವಾಯಿತು!

"ತುರ್ತು ಪರಿಸ್ಥಿತಿ ಉಂಟು, ಗೊತ್ತಿಲ್ವಾ? ಹೀಗೆ ಗುಂಪು ಸೇರುವ ಹಾಗಿಲ್ಲ. ಏಳಿ, ಏಳಿ!"

ಏಲಿಯಮ್ಮನ ಕಣ್ಣು ತುಂಬಿತು. "ವರ್ಷದ ದಿನ ಸಾರ್, ನಾಳೆಗೆ ಹಾಕ್ಲಿಕ್ಕೆ ಆಗುದಿಲ್ಲ."

ನಾನು ರಂಗಕ್ಕಿಳಿದೆ. "ಸ್ವಾಮೀ, ನಿನ್ನೆ ನನ್ನ ಅಂಗಳದಲ್ಲಿ ಇಷ್ಟೇ ಜನ ಅಡಿಕೆ ಸುಲಿಯುತ್ತಿದ್ದರು. ನೀವು ಚಾ ಕುಡಿದು ಹೋದಿರಿ!"

"ಅದು ಕೆಲಸ ಮಾರಾಯ್ರೆ. ಕೆಲಸಕ್ಕೆ ಎಂತ ಅಡ್ಡಿ?"

ಸರಿ, ನನ್ನ ಮನೆಯಿಂದ ಮೂರು ಗೋಣಿ ಅಡಿಕೆ ಬಂತು. ಎಲ್ಲರೂ ಒಂದೊಂದು ಅಡಿಕೆ ಹಿಡಿದು ಕೂತರು, ಪ್ರಾರ್ಥನೆ ಶುರುವಾಯಿತು. ಪೊಲೀಸಪ್ಪ ಟೊಪ್ಪಿ ತೆಗೆದು ಜಗಲಿಯಲ್ಲಿ ಕೂತ.

ಎಲ್ಲ ಮುಗಿದ ಮೇಲೆ ಸುಲಿದ ಅಡಿಕೆಯ ಬುಟ್ಟಿಯೊಳಗೆ ಇಣುಕಿದ. "ಇಷ್ಟು ಜನ ಸೇರಿ ಸುಲಿದದ್ದು ಇಷ್ಟೇಯಾ?"

"ನಾವು ರಬ್ಬರಿನವರಲ್ವಾ ಸಾರ್, ಅಡಿಕೆಯಲ್ಲಿ ಸ್ವಲ್ಪ ನಿಧಾನ," ಏಲಿಯಮ್ಮ ಕಣ್ಣೊರೆಸಿಕೊಂಡರು. "ಉಳಿದದ್ದು ಬರುವ ಭಾನುವಾರ ಸುಲಿತೇವೆ."

ತುರ್ತು ಪರಿಸ್ಥಿತಿ ಮುಗಿಯುವವರೆಗೆ ನನ್ನ ಅಡಿಕೆ ಮನೆಗೆ ಬರುವ ಲಕ್ಷಣ ಕಾಣುವುದಿಲ್ಲ.