ಹಜರಾ ಬೀ ಆರಿಸಿದ ರೆಸಿಸ್ಟರ್

ಮೋನಿಕಾ ಹಜರಾ ಬೀಯವರನ್ನು ಮೊದಲು ಕಂಡದ್ದು ಜೂನ್ ತಿಂಗಳ ಮೊದಲ ಸೋಮವಾರ, ತುಮಕೂರಿನ ಸತ್ಯಮಂಗಲದ ಶೆಡ್ಡೊಂದರಲ್ಲಿ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಕೊತ್ತಗೆರೆಯಿಂದ ಎರಡು ಬಸ್ಸು ಬದಲಿಸಿ ಬಂದವಳಿಗೆ ಅಷ್ಟು ತಡವಾಗಿತ್ತು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ಮೊದಲ ಕೆಲಸ, ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು ಮಾಲೀಕ ನಾಗಭೂಷಣ್. ಒಳಗೆ ಕಿಟಕಿಯ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು, ಬುರ್ಖಾವನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿ, ಸ್ಟೀಲ್ ತಟ್ಟೆಯಲ್ಲಿದ್ದ ರೆಸಿಸ್ಟರ್‌ಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸುತ್ತಿದ್ದರು. ತಲೆ ಎತ್ತದೆಯೇ, "ತಿಂಡಿ ಆಯ್ತಾ?" ಎಂದು ಕೇಳಿದರು. ಆಗಿರಲಿಲ್ಲ. ಡಬ್ಬಿಯಿಂದ ಅರ್ಧ ಚಪಾತಿ ಮುರಿದುಕೊಟ್ಟರು.

ಆ ಶೆಡ್ಡಿನಲ್ಲಿ ಆಟೊಗಳ ಹಿಂದೆ ಹಾಕುವ ಹೆಸರಿನ ಬೋರ್ಡು ಮಾಡುತ್ತಿದ್ದರು. ಅಕ್ಷರವೆಲ್ಲ ಬಿಳಿಯ ಪುಟ್ಟ ಎಲ್ಇಡಿಗಳು. ಮೂರು ಎಲ್ಇಡಿಗೆ ಒಂದು ರೆಸಿಸ್ಟರ್. ಅದು ಕರೆಂಟನ್ನು ಹಿಡಿತದಲ್ಲಿಡುತ್ತದೆ, ಇಲ್ಲದಿದ್ದರೆ ಎಲ್ಇಡಿ ಸುಟ್ಟುಹೋಗುತ್ತದೆ. ಆ ಹಿಡಿತ ಎಷ್ಟು ಬಿಗಿ ಎಂಬುದರ ಅಳತೆ ಓಮ್. ಹಜರಾ ಬೀ ಆ ಲೆಕ್ಕ ಅರಿಯರು. ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿಗಳಿಗೆ ಅವರದೇ ಹೆಸರುಗಳಿದ್ದವು. ಮುನ್ನೂರ ಮೂವತ್ತು ಓಮ್ ಎಂದರೆ 'ಎರಡು ಕಿತ್ತಳೆ, ಒಂದು ಬೆಲ್ಲ'. ಆರು ವರ್ಷದಿಂದ ಅದನ್ನೇ ಹಾಕುತ್ತಿದ್ದರು.

ಎರಡನೆಯ ವಾರ ಮೋನಿಕಾ ಲೆಕ್ಕ ಮಾಡಿದಳು. ಬ್ಯಾಟರಿ ಹನ್ನೆರಡು ವೋಲ್ಟ್. ಒಂದೊಂದು ಎಲ್ಇಡಿ ಮೂರು ವೋಲ್ಟ್ ತಿಂದರೆ ಮೂರಕ್ಕೆ ಒಂಬತ್ತು, ಉಳಿದದ್ದು ಮೂರು. ಇಪ್ಪತ್ತು ಮಿಲಿಆಂಪ್ ಕರೆಂಟು ಬೇಕು ಎಂದರೆ ನೂರೈವತ್ತು ಓಮ್ ಸಾಕು. ಹಾಕಿ ನೋಡಿದಾಗ ಬೋರ್ಡು ಮೊದಲಿಗಿಂತ ಝಗಮಗ ಎಂದಿತು. ನಾಗಭೂಷಣ್ ಖುಷಿಯಾಗಿ ಇನ್ನು ಹೀಗೇ ಮಾಡಿ ಎಂದರು.

"ಇದು ನಿಲ್ಲಲ್ಲ ಕಣಮ್ಮ," ಎಂದರು ಹಜರಾ ಬೀ.

ಯಾಕೆ ಎಂದು ಮೋನಿಕಾ ಕೇಳಿದಳು. "ನಿಲ್ಲಲ್ಲ ಅಷ್ಟೇ," ಎಂದರು. ಮೋನಿಕಾ ನೋಟ್‌ಬುಕ್ಕು ತೋರಿಸಿದಳು. ಹಜರಾ ಬೀ ಅದನ್ನು ನೋಡಿ, ಹೊಸ ರೆಸಿಸ್ಟರನ್ನೇ ಬೆಸೆಯಲು ಬೆಸುಗೆ ಕೋಲು ಕೈಗೆತ್ತಿಕೊಂಡರು. ಇಪ್ಪತ್ತು ಬೋರ್ಡು ಗುಬ್ಬಿಯ ಆಟೊ ಸ್ಟ್ಯಾಂಡಿಗೆ ಹೋದವು.

ಆಗಸ್ಟ್ ಕೊನೆಗೆ ಗುಬ್ಬಿಯ ಶಿವಮೂರ್ತಿ ಆಟೊ ಸಮೇತ ಬಂದ. ಮಗಳ ಹೆಸರು 'ಚಂದನ' ಎಂದು ಬರೆಸಿದ್ದ ಬೋರ್ಡಿನಲ್ಲಿ ಮೊದಲ ಅಕ್ಷರ ಮಾತ್ರ ಉರಿಯುತ್ತಿತ್ತು.

"ಹಿಂದ್ಗಡೆ ಬರೋರೆಲ್ಲ ಚಂ ಅಂದ್ರೇನಣ್ಣ ಅಂತಾರೆ ಸಾರ್. ನಮ್ ಸ್ಟ್ಯಾಂಡಲ್ಲಿ ಇನ್ನೂ ಹನ್ನೊಂದು ಹಿಂಗೇ ಆಗೈತೆ."

ಮೋನಿಕಾಳ ಮೂರು ತಿಂಗಳು ಮುಗಿಯಲು ನಾಲ್ಕೇ ದಿನವಿತ್ತು. ಹೊಸ ಬೋರ್ಡೊಂದನ್ನು ಮೇಜಿನ ಮೇಲಿದ್ದ, ಹನ್ನೆರಡು ವೋಲ್ಟ್ ಕೊಡುವ ಸಪ್ಲೈಗೆ ಜೋಡಿಸಿ ಅಳೆದಳು. ಇಪ್ಪತ್ತು ಮಿಲಿಆಂಪ್, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಲೆಕ್ಕ ಸರಿ, ಮೀಟರ್ ಸರಿ, ಸುಟ್ಟದ್ದೂ ನಿಜ. ಎರಡು ಬಾರಿ ಅಳೆದಳು, ನೋಟ್‌ಬುಕ್ಕಿನಲ್ಲಿ ಮತ್ತೆ ಭಾಗಿಸಿದಳು. ಏನೂ ತೋಚದೆ, "ಬೆಸುಗೆಯಲ್ಲೇ ತಪ್ಪಿರ್ಬೇಕು ಸಾರ್," ಎಂದುಬಿಟ್ಟಳು. ಆಡಿದ ಮೇಲೆ, ಬೆಸುಗೆ ಹಾಕಿದ್ದ ಹಜರಾ ಬೀ ಕೂತಿದ್ದ ಕಿಟಕಿಯ ಕಡೆ ನೋಡಲಾಗಲಿಲ್ಲ.

ಹಜರಾ ಬೀ ಎದ್ದರು. ಜಗಳಕ್ಕಲ್ಲ, ಮೀಟರ್ ತೆಗೆದುಕೊಂಡು ಆಟೊದ ಹತ್ತಿರ ಹೋದರು. "ಸ್ಟಾರ್ಟ್ ಮಾಡಪ್ಪ. ಸ್ವಲ್ಪ ರೇಸ್ ಕೊಡು. ಬಾಮ್ಮ, ನೀನೇ ನೋಡು."

ಮೋನಿಕಾ ಬ್ಯಾಟರಿಗೆ ಮೀಟರಿನ ತಂತಿ ಮುಟ್ಟಿಸಿದಳು. ಹದಿನಾಲ್ಕು ಪಾಯಿಂಟ್ ನಾಲ್ಕು ವೋಲ್ಟ್.

ಮೀಟರ್ ಕೆಟ್ಟಿದೆಯೇನೋ ಎಂದುಕೊಂಡು ತೆಗೆದು ಮತ್ತೆ ಮುಟ್ಟಿಸಿದಳು. ಅಷ್ಟೇ ತೋರಿಸಿತು. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಆಗುತ್ತದೆ. ಹನ್ನೆರಡು ಎಂಬುದು ನಿಂತ ಗಾಡಿಯ ಲೆಕ್ಕ. ಒಂಬತ್ತು ಕಳೆದರೆ ಉಳಿಯುವುದು ಮೂರಲ್ಲ, ಐದೂವರೆಯ ಹತ್ತಿರ. ಇಪ್ಪತ್ತರ ಬದಲು ಮೂವತ್ತಾರು ಮಿಲಿಆಂಪ್ ಹರಿದಿತ್ತು.

"ನಿಮಗೆ ಹೆಂಗ್ ಗೊತ್ತಾಯ್ತು ಆಂಟಿ?"

"ವೋಲ್ಟು ಗೀಲ್ಟು ನಂಗೊತ್ತಿಲ್ಲ ಮಗಾ. ನಮ್ಮನೆಯವ್ರು ಕುಣಿಗಲ್ಲಲ್ಲಿ ಆಟೊ ಓಡಿಸ್ತಿದ್ರು. ಬೋರ್ಡ್ ಹಾಕ್ಸಿ, ಗಾಡಿ ಓಡ್ತಿರೋವಾಗ ಅದ್ರ ಮೇಲೆ ಹೆಬ್ಬೆಟ್ಟಿಟ್ಟು ಹತ್ತು ಎಣಿಸ್ತಿದ್ದೆ. ಎರಡು ಕಿತ್ತಳೆಗೆ ಬೆರಳು ನಿಲ್ತು. ನೀನ್ ಹಾಕಿದ್ದಕ್ಕೆ ಮೂರಕ್ಕೇ ಸುಡ್ತದೆ."

ಮೋನಿಕಾ ಉರಿಯುತ್ತಿದ್ದ ಅಕ್ಷರದ ಮೇಲೆ ಹೆಬ್ಬೆಟ್ಟು ಇಟ್ಟು ನೋಡಿದಳು. ನಾಲ್ಕು ಎಣಿಸಲಾಗಲಿಲ್ಲ.

ಒಳಗೆ ಹೋಗಿ ನಾಗಭೂಷಣ್ ಎದುರು, ತಪ್ಪು ಬೆಸುಗೆಯದಲ್ಲ, ತನ್ನದೇ ಎಂದಳು. ಹೊಸ ಲೆಕ್ಕದಲ್ಲಿ ಇನ್ನೂರ ಎಪ್ಪತ್ತು ಓಮ್ ಬಂತು. ಹಜರಾ ಬೀ ಮುನ್ನೂರ ಮೂವತ್ತೇ ಇರಲಿ ಎಂದರು. ಯಾಕೆ ಎಂದದ್ದಕ್ಕೆ ಹೆಬ್ಬೆಟ್ಟು ಎತ್ತಿ ತೋರಿಸಿದರು. ಮೋನಿಕಾ ವಾದಿಸದೆ ಮುನ್ನೂರ ಮೂವತ್ತನ್ನೇ ತೆಗೆದಿಟ್ಟಳು, ಒಪ್ಪಿದಳೆಂದು ಅಲ್ಲ. ಮಾಲೀಕರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಕಾಯಂ ಕೂಡ ಮಾಡಲಿಲ್ಲ. ಇನ್ನೂ ಮೂರು ತಿಂಗಳು ನೋಡೋಣ ಎಂದರು. ಹನ್ನೆರಡು ಬೋರ್ಡುಗಳ ರೆಸಿಸ್ಟರನ್ನೂ ಸುಟ್ಟ ಎಲ್ಇಡಿಗಳನ್ನೂ ಅವರಿಬ್ಬರೂ ಒಂದೇ ಮೇಜಿನಲ್ಲಿ ಕೂತು ಬದಲಿಸಿದರು.

ಹಜರಾ ಬೀ ಈಗ ಅದೇ ಶೆಡ್ಡಿನಲ್ಲಿ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಾರೆ. ಪ್ರತಿ ಹೊಸ ಮಾದರಿಯನ್ನೂ ಓಡುವ ಆಟೊಗೆ ಕಟ್ಟಿ, ಹೆಬ್ಬೆಟ್ಟಿಟ್ಟು ಹತ್ತು ಎಣಿಸಿ, ಆಮೇಲೆ ಕಳಿಸುತ್ತಾರೆ.