ತಂಗಿ ಸಾಕಿದ ಹಲ್ಲಿ

ಹಿರಿಯೂರಿನ ನಮ್ಮ ಮನೆಯಲ್ಲಿ ತಂಗಿ ಒಂದು ಹಲ್ಲಿ ಸಾಕಿದ್ದಳು. ಮೀನು ಸತ್ತು ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿಯೇ ಅದರ ಮನೆ. ಒಳಗೊಂದು ಹುಣಸೆ ಟೊಂಗೆ, ಮೇಲೆ ಸೊಳ್ಳೆ ಪರದೆಯ ತುಂಡು. ಹಲ್ಲಿ ಕಂಡರೆ ಪೊರಕೆ ಎತ್ತುತ್ತಿದ್ದ ಅವ್ವ ಕೂಡ ಅದನ್ನು ಮುದ್ದಾಗಿ ಮಾತಾಡಿಸುತ್ತಿದ್ದಳು. ನನ್ನನ್ನು ಹಾಗೆ ಮಾತಾಡಿಸಿದ್ದು ನೆನಪಿಲ್ಲ.

ರಜೆಗೆ ತಂಗಿ ಹೊಳಲ್ಕೆರೆಯ ಅಜ್ಜಿ ಮನೆಗೆ ಹೋದಾಗ ಹಲ್ಲಿಯ ಚಾಕರಿ ನನ್ನ ತಲೆಗೆ ಬಿತ್ತು. ದೀಪಕ್ಕೆ ಬಂದ ಹುಳ ಹಿಡಿದು ಹಾಕಿದೆ, ಟೊಂಗೆಗೆ ನೀರು ಚಿಮುಕಿಸಿದೆ, ಗಾಜು ಒರೆಸಿದೆ. ಅದು ನನ್ನೆದುರು ಒಮ್ಮೆಯೂ ಲೊಚಗುಟ್ಟಲಿಲ್ಲ.

ವಾಪಸು ಬಂದವಳು ತೊಟ್ಟಿಯೊಳಗೆ ಇಣುಕಿ, "ಅವ್ವಾ, ಸೊರಗೋಗೈತೆ. ಅಕ್ಕ ಏನೂ ಹಾಕಿಲ್ಲ" ಅಂದಳು.

ಹಲ್ಲಿ ಲೊಚಗುಟ್ಟಿತು.

ಅವ್ವ ಬೆರಳಿನಿಂದ ನೆಲ ತಟ್ಟಿ, "ನೋಡು, ಸತ್ಯ ಅಂತ ಹಲ್ಲೀನೇ ನುಡೀತು" ಅಂದಳು.

ನಾನು ಹಾಕಿದ್ದ ಹುಳ ಅದರ ತೆಳು ಹೊಟ್ಟೆಯೊಳಗೆ ಇನ್ನೂ ಕಪ್ಪಗೆ ಕಾಣುತ್ತಿತ್ತು.