ತಾಗಿಯೂ ನಿಲ್ಲದ ತುದಿ

ಊರಿನಿಂದ ಯಾರೇ ನಮ್ಮ ಮನೆಗೆ ಬರಲಿ, ಒಗ್ಗರಣೆ ಅವಲಕ್ಕಿಯ ತಟ್ಟೆ ಖಾಲಿಯಾಗುವಷ್ಟರಲ್ಲಿ ಅಪ್ಪ ಅವ್ವನ ಎದೆಯ ಕಥೆಯನ್ನು ಮುಗಿಸಿರುತ್ತಾರೆ. "ಮೊದಲನೇ ಸಲ ಮಷೀನಿನ ಕಾವು ಕಮ್ಮಿ ಬಿತ್ರಿ. ಎರಡನೇ ಸಲ ಜೋರ್ ಇಟ್ರು, ಸುಟ್ಟು ಹೋತು. ಅಷ್ಟ." ಬಂದವರು ತಲೆದೂಗುತ್ತಾರೆ, ಒಲೆ ಹಚ್ಚಿದವರಿಗೆಲ್ಲ ಅರ್ಥವಾಗುವ ಕಥೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯದಲ್ಲೇ ಬಿರುಕು ಹುಡುಕಿ ಗೆದ್ದವಳು ನಾನು. ಹೇಳುತ್ತೇನೆ ಕೇಳಿ, ಆ ಕಥೆ ತಪ್ಪು.

ತೊಂಬತ್ತರ ದಶಕದ ನಡುವೆ ಅಪ್ಪನ ಬ್ಯಾಂಕು ನಮ್ಮನ್ನು ಧಾರವಾಡದಿಂದೆತ್ತಿ ಅಹಮದಾಬಾದಿನ ಮಣಿನಗರದಲ್ಲಿ ಇಳಿಸಿತ್ತು. ಅಲ್ಲಿ ಅವ್ವ ಮೊಪೆಡ್ ಕಲಿತಳು. ಸೆರಗನ್ನು ಸೊಂಟಕ್ಕೆ ಸಿಗಿಸಿ, ಹ್ಯಾಂಡಲಿಗೆ ಎರಡು ಚೀಲ ತೂಗಿಸಿ, ಸ್ಟೇಷನ್ನಿನ ಜನಜಂಗುಳಿಯನ್ನು ಸೀಳಿಕೊಂಡು ಹೋಗುತ್ತಿದ್ದ ಆ ಅವ್ವನನ್ನು ನೆನೆದರೆ ಈಗಲೂ ಮನಸ್ಸು ಹಗುರವಾಗುತ್ತದೆ. ಒಂದು ಬೆಳಿಗ್ಗೆ ದಾರಿಯಲ್ಲೇ ಎದೆ ಹುಚ್ಚು ಹಿಡಿದಂತೆ ಓಡತೊಡಗಿ, ಆಕೆ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟಳು. ಆಮೇಲೆ ಮೊಪೆಡ್ಡಿನ ಮೇಲೆ ಹಳೆಯ ಚಾದರ ಬಿತ್ತು.

ಹೃದಯದಲ್ಲಿ ಹುಟ್ಟಿನಿಂದ ಒಂದು ಎಳೆ ಹೆಚ್ಚಿದೆ, ವಿದ್ಯುತ್ತು ಆ ಕಳ್ಳದಾರಿಯಲ್ಲಿ ಗಿರಕಿ ಹೊಡೆಯುತ್ತಿದೆ ಎಂದರು ಡಾಕ್ಟರು. ಅವ್ವ ಎಚ್ಚರವಿರುವಾಗಲೇ, ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ಸಪೂರ ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯಿಂದ ರೇಡಿಯೋ ಅಲೆಗಳ ಕಾವು ಕೊಟ್ಟು ಆ ಎಳೆಯನ್ನು ಸುಟ್ಟರು. ಅವ್ವ ಕೆಲವು ವಾರ ಹಾಯಾಗಿದ್ದಳು; ಚಾದರ ತೆಗೆದಳು. ಎದೆ ಮತ್ತೆ ಓಡಿತು.

ನಾನು ಡಾಕ್ಟರೊಂದಿಗೆ ವಾದಕ್ಕೇ ನಿಂತೆ. ಮಷೀನು ಸರಿಯಿತ್ತೇ, ಕಾವು ಸಾಕಿತ್ತೇ? ಅವರು ಬೇಸರಿಸಲಿಲ್ಲ. "ಪವರ್ ಪೂರಾ ಥಾ, ಬೆಹನ್. ಟಿಪ್ ಟಿಕಾ ನಹೀ." ಕಾವಿಗೆ ಕೊರತೆಯಿರಲಿಲ್ಲ, ತುದಿಯೇ ನೆಲೆ ನಿಲ್ಲಲಿಲ್ಲ. ತುದಿ ಗೋಡೆಗೆ ಒರಗಿದ್ದರೆ ಕಾವು ಮಾಂಸದೊಳಕ್ಕೆ ಇಳಿಯುತ್ತದೆ. ತೇಲಿದರೆ ಹರಿಯುವ ರಕ್ತವೇ ಆ ಕಾವನ್ನು ಕೊಚ್ಚಿಕೊಂಡು ಹೋಗುತ್ತದೆ. ಅರೆಬೆಂದ ಎಳೆ ಸಾಯುವುದಿಲ್ಲ, ಮೂರ್ಛೆ ಹೋಗಿ ಒಂದು ದಿನ ಏಳುತ್ತದೆ. ಹಾಗೆಂದು ಬಿಗಿಯಾಗಿ ಒತ್ತಿದರೆ ಗೋಡೆಯೇ ತೂತಾದೀತು. ಎಷ್ಟು ಒತ್ತಿದೆಯೆಂದು ಹೇಳುವ ಮಾಪಕ ಅವರ ಬಳಿ ಇರಲಿಲ್ಲ; ಎಕ್ಸ್‌ರೇ ಪರದೆಯ ನೆರಳು, ಮಾನಿಟರಿನ ಗೆರೆಗಳ ಕುಣಿತ, ಬೆರಳ ಅಂದಾಜು, ಇಷ್ಟೇ.

ಪಕ್ಕದ ಮನೆಯ ಕೋಕಿಲಾಬೆನ್‌ಗೆ ಇದನ್ನು ಹೇಳಿದಾಗ ಅವರು ತವೆಯ ಮೇಲಿನ ಖಾಕ್ರಾ ಎಂಬ ತೆಳ್ಳನೆಯ ಗರಿಗರಿ ರೊಟ್ಟಿಯನ್ನು ಬಟ್ಟೆಯುಂಡೆಯಿಂದ ಒತ್ತುತ್ತಿದ್ದರು. "ಇಸ್‌ಮೇ ಕ್ಯಾ ನಯಾ ಹೈ, ಬೇಟಾ? ಹಲ್ಕಾ ಹಾಥ್ ತೋ ಕಚ್ಚಾ, ಭಾರೀ ಹಾಥ್ ತೋ ಟುಕ್ಡಾ!" ಕೈ ಹಗುರಾದರೆ ಹಸಿ, ಭಾರವಾದರೆ ಚೂರು. ಉರಿ ಏರಿಸುವುದೊಂದೇ ಉಪಾಯವೆಂದು ನಂಬಿದ್ದ ನಾನು ಪೆಚ್ಚಾದೆ. ವೇದಿಕೆಯ ಮೇಲೆ ನನ್ನ ಎಷ್ಟು ವಾದಗಳು ಹೀಗೆ, ಪೂರ್ತಿ ಕಾವಿನಲ್ಲಿ ಉರಿದು, ಯಾರ ಎದೆಯನ್ನೂ ತಾಗದೆ ಚಪ್ಪಾಳೆಯ ಹರಿವಿನಲ್ಲಿ ಕೊಚ್ಚಿಹೋಗಿರಬಹುದು!

ಎರಡನೆಯ ಸಲಕ್ಕೆ ಸಿದ್ಧವಾಗುವಾಗ ಡಾಕ್ಟರು ಅವ್ವನ ಮಂಚದ ಬಳಿ ಬಂದು ಮೆಲ್ಲಗೆ ಕೇಳಿದರು: ಮಾಸಿ, ಹೋದ ಸಲ ನಾವು ಕಾವು ಕೊಡಲು ಶುರುಮಾಡಿದಾಗಲೆಲ್ಲ ನೀವು ದೀರ್ಘವಾಗಿ ಉಸಿರೆಳೆಯುತ್ತಿದ್ದಿರಿ. ಎದೆ ಉಬ್ಬಿದಾಗಲೆಲ್ಲ ತುದಿ ಜಾರುತ್ತಿತ್ತು. ಬೇಡವೆಂದರೂ ಯಾಕೆ ಹಾಗೆ ಮಾಡಿದಿರಿ?

ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ತಣ್ಣಗೆ ಕೊರೆಯಿತು. ಮೊದಲ ಸಲ ಆಕೆಯನ್ನು ಒಳಗೆ ಒಯ್ಯುವ ಮುನ್ನ, ಸ್ಟ್ರೆಚರಿನ ಪಕ್ಕದಲ್ಲೇ ನಡೆಯುತ್ತಾ, ಮೈಕಿನ ಮುಂದೆ ನನ್ನನ್ನು ಕಾಯುವ ವಿದ್ಯೆಯನ್ನೇ ಧಾರೆಯೆರೆದಿದ್ದೆ: "ಅವ್ವಾ, ಹೆದರಿಕಿ ಬಂದ್ರ ಆಳಕ್ಕ ಮೂರು ಉಸಿರು ತೊಗೊ. ಯಾರ ಏನ ಅಂದ್ರೂ ಬಿಡಬ್ಯಾಡ." ಆಕೆ ಬಿಟ್ಟಿರಲಿಲ್ಲ.

ಅವ್ವ ನನ್ನತ್ತ ನೋಡಲೂ ಇಲ್ಲ. "ಮೇರೀ ಆದತ್ ಹೈ, ಡಾಕ್ಟರ್ ಸಾಬ್," ಎಂದಳು, ತನ್ನ ಧಾರವಾಡದ ಹಿಂದಿಯಲ್ಲಿ. ತನ್ನ ರೂಢಿಯಂತೆ! ಅಂದು ಆಕೆ ಪುಟ್ಟ ಪುಟ್ಟ ಉಸಿರಾಡಿಕೊಂಡು ಅಲುಗದೆ ಮಲಗಿದಳು. ತುದಿ ನಿಂತಿತು, ಎಳೆ ಸತ್ತಿತು. ಮೊಪೆಡ್ಡು ಮತ್ತೆ ಸದ್ದು ಮಾಡಿತು.

ಅಂದಿನಿಂದ ಅಪ್ಪನ ಕಥೆಯನ್ನು ನಾನು ತಿದ್ದಿಲ್ಲ. ಯಾವ ಸುಳ್ಳನ್ನೂ ದಾಟಗೊಡದ ನನ್ನ ನಾಲಗೆ ಅವ್ವನ ಆ ಒಂದು ಸುಳ್ಳಿನ ಮುಂದೆ ಮಡಿಚಿಕೊಳ್ಳುತ್ತದೆ. ಅಪ್ಪ ಮಷೀನನ್ನು ಬೈಯುವಾಗ ಅವ್ವ ಇನ್ನೊಂದು ಸುತ್ತು ಅವಲಕ್ಕಿ ಬಡಿಸುತ್ತಾಳೆ. ಮೊನ್ನೆ ನೆಂಟರು ಹೋದ ಮೇಲೆ, ತಟ್ಟೆ ಎತ್ತುತ್ತಿದ್ದ ಆಕೆಯನ್ನು ಕೊನೆಗೂ ಕೇಳಿದೆ:

"ಅವ್ವಾ, ಅವತ್ತು ಡಾಕ್ಟರ್ ಕೇಳಿದಾಗ ನನ್ನ ಹೆಸರು ಯಾಕ ಹೇಳಲಿಲ್ಲ ನೀ?"